ಬಿಚ್ಚಿದಷ್ಟೇ ಹೊಲಿಗೆ

ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ ಬಿಳಿ ಅಂಗಿಯ ಕಂಕುಳಲ್ಲಿ ಏನೋ ಹಸಿರಾಗಿ ಮಿನುಗಿತು, ಹುಳವೇ, ಅಲ್ಲ, ಗುಂಡುಸೂಜಿ, ಹಸಿರು ತಲೆಯ ಗುಂಡುಸೂಜಿ, ಕಿಟಕಿಯಿಂದ ಬಂದ ಬೆಳಗಿನ ಹತ್ತು ಗಂಟೆಯ ಬಿಸಿಲು ಬೇರೆಲ್ಲ ಬಿಟ್ಟು ಅದರ ತಲೆಯ ಮೇಲೆಯೇ ಕೂತಿದೆ, ಅಷ್ಟು ಬಿಳುಪಿನಲ್ಲಿ ಅದೊಂದೇ — ಇಲ್ಲಿ, ಇಲ್ಲಿ ಮಾತ್ರ, ಎನ್ನುವ ಹಾಗೆ — ಅತ್ತಿಗೆ ಚುಚ್ಚಿಟ್ಟದ್ದು, ಬಸ್ ಡ್ರೈವರನ ಆರನೆಯ ಅಂಗಿ, ಐದು ಸರಿಯಾಗಿ ಹೋಗಿವೆ, ಇದೊಂದು ಬಿಚ್ಚಿಯಾಗಿದೆ, ಹೊಲಿಯುವುದು ಬಾಕಿ. ಇರಲಿ, ಅಂಗಿ ನೋಡುವ ಹೊತ್ತಲ್ಲ ಇದು, ಅವಳು ಕಣ್ಣನ್ನು ಎಳೆದು ಮತ್ತೆ ಕಂಪ್ಯೂಟರಿನ ಪರದೆಗೆ ತಂದಳು, ಅತ್ತಿಗೆ ಕುರ್ಚಿಯ ತುದಿಯಲ್ಲಿ ಕೂತಿದ್ದಾರೆ, ಕೊರಳಲ್ಲಿ ಅಳತೆ ಟೇಪು ಹಾಗೇ ಜೋತಿದೆ, ಎಲ್ಲಿ ಕೂತರೂ ಟೇಪು ತೆಗೆಯುವವರಲ್ಲ, ತೆಗೆದ್ರೆ ನಾನು ಯಾರು ಅನ್ನೋದೇ ಮರೆತುಹೋಗುತ್ತೆ ಕಣೇ ಅಂತ ಒಮ್ಮೆ ನಕ್ಕಿದ್ದರು, ಬಲಗೈ ಮೌಸನ್ನು ಹೊಲಿಗೆ ಯಂತ್ರದ ಚಕ್ರ ಹಿಡಿದಂತೆ ಬಿಗಿಯಾಗಿ ಹಿಡಿದಿದೆ, ಹಾಗೆ ಹಿಡಿಯಬಾರದು, ಸಡಿಲ ಬಿಡಬೇಕು — ಹೇಳಬೇಡ, ಬಾಯಿ ಮುಚ್ಚಿಕೊಂಡಿರು — ಅವಳು ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕುರ್ಚಿಯ ಹಿಂದೆ ನಿಂತಿದ್ದಾಳೆ, ಈ ಕೈಗಳನ್ನು ನಂಬುವ ಹಾಗಿಲ್ಲ, ಬಿಟ್ಟರೆ ತಾವೇ ಹೋಗಿ ಮೌಸು ಕಿತ್ತುಕೊಳ್ಳುತ್ತವೆ. ಕೋಣೆಯಲ್ಲಿ ಇಸ್ತ್ರಿ ಮಾಡಿದ ಬಟ್ಟೆಯ ಬಿಸಿ ವಾಸನೆ, ಯಂತ್ರದ ಎಣ್ಣೆಯ ವಾಸನೆ, ಅಣ್ಣ ಮದುವೆಯಾದಂದಿನಿಂದ ಮನೆಯ ಮುಂಗೋಣೆಗೆ ಇದೇ ವಾಸನೆ, ಅವಳಿಗೆ ಇದು ಬರದಿದ್ದರೆ ಮನೆಗೆ ಬಂದಂತೆಯೇ ಅನಿಸುವುದಿಲ್ಲ. ಪರದೆಯ ಮೇಲೆ ಅವಳೇ ಕಟ್ಟಿದ ಎಡಿಟರ್, ನಾಲ್ಕು ತಿಂಗಳ ಕೆಲಸ, ಬ್ರೌಸರಿನಲ್ಲೇ ತೆರೆದುಕೊಳ್ಳುತ್ತದೆ, ಕೈಪಿಡಿಯ ಪುಟ ಓದುವವರಿಗೆ ಹೇಗೆ ಕಾಣುತ್ತದೋ ತಿದ್ದುವವರಿಗೂ ಹಾಗೇ ಕಾಣುತ್ತದೆ, ತಪ್ಪಿನ ಮೇಲೆ ಬೆರಳಿಟ್ಟು ಅಲ್ಲೇ ತಿದ್ದು, ಅಷ್ಟೆ — ಅಷ್ಟೇ ಅಂತೆ, ಹೇಳುವುದಕ್ಕೆ ಎಷ್ಟು ಹಗುರ. ಇವತ್ತು ಇದು ಕೈಕೊಟ್ಟರೆ ಅತ್ತಿಗೆ ಈ ಕುರ್ಚಿಯ ಹತ್ತಿರವೂ ಸುಳಿಯುವುದಿಲ್ಲ, ಬೆಳಿಗ್ಗೆಯೇ ಹೇಳಿದ್ದಾರೆ, ಇದೇ ಕೊನೇ ಸಲ ನೋಡು ಚೊಕ್ಕಮ್ಮ, ನಿನ್ನ ಮುಖ ನೋಡಿ ಕೂರ್ತಿದೀನಿ.

ಚೊಕ್ಕಮ್ಮ — ಹೆತ್ತವರು ಇಟ್ಟ ಹೆಸರಲ್ಲ, ಅತ್ತಿಗೆ ಇಟ್ಟದ್ದು, ಅದಕ್ಕೆ ಕಾರಣವೂ ಇದೆ, ಆಮೇಲೆ ನೆನೆದುಕೊಳ್ಳೋಣ, ನಾಚಿಕೆಯ ವಿಷಯ. ಮೊದಲು ಆ ತಪ್ಪು ಸಾಲು. ಪರದೆಯಲ್ಲಿ ಇನ್ನೂ ಇದೆ, ಎಂಟನೆಯ ಅಧ್ಯಾಯ, ತೋಳು ಕೂರಿಸುವುದು, ಕಂಕುಳ ಕೊರೆತ ಮುಂಭಾಗಕ್ಕೂ ಹಿಂಭಾಗಕ್ಕೂ ಒಂದೇ ಇರಲಿ. ಬರೆದ ಪುಣ್ಯಾತ್ಮ ಯಾರೋ, ಅಂಗಿ ಹಾಕಿಕೊಂಡಿರಬಹುದು, ಹೊಲಿದಂತೂ ಇರಲಾರ. ಬಟ್ಟೆ ಕತ್ತರಿಸುವ ಮೊದಲು ಅಳತೆಯ ನಕ್ಷೆ ಬಿಡಿಸಿಕೊಡುವ ಸಾಫ್ಟ್‌ವೇರು, ಅದರ ಕೈಪಿಡಿ ಇದು, ಓಪನ್ ಸೋರ್ಸು, ಯಾರು ಬೇಕಾದರೂ ಬಳಸಬಹುದು, ಯಾರು ಬೇಕಾದರೂ ತಿದ್ದಬಹುದು, ಒಬ್ಬರ ಮುಖ ಒಬ್ಬರು ನೋಡದ ಇಪ್ಪತ್ತು ಮೂವತ್ತು ಜನ ಸೇರಿ ಕಟ್ಟಿದ್ದು, ಅವರಲ್ಲಿ ಅವಳೂ ಒಬ್ಬಳು, ಅತ್ತಿಗೆಗೆ ಅದನ್ನು ಹಾಕಿಕೊಟ್ಟವಳೂ ಅವಳೇ, ಕೈಪಿಡಿಯಲ್ಲಿ ಎಲ್ಲಾ ಇದೆ ಅತ್ತಿಗೆ, ನೋಡಿಕೊಂಡು ಮಾಡಿ ಅಂದವಳೂ ಅವಳೇ. ಅತ್ತಿಗೆ ಹೊಸ ಯಂತ್ರಕ್ಕೆ ಗೌರವ ಕೊಡುವವರು, ಕೈ ಬೇಡ ಬೇಡ ಅನ್ನುತ್ತಿದ್ದರೂ ಪುಸ್ತಕ ಹೇಳಿದ ಹಾಗೇ ಆರು ಅಂಗಿ ಕತ್ತರಿಸಿದರು. ವಾರದಲ್ಲಿ ಡ್ರೈವರು ಆರನ್ನೂ ಚೀಲದಲ್ಲಿ ತುಂಬಿಕೊಂಡು ಬಂದ, ಸಿಟ್ಟೇನೂ ಇಲ್ಲ ಪಾಪ, ಹಳೆಯವು ಇವೆ, ಅವಸರವೂ ಇಲ್ಲ ಅಂದ, ಬಾಗಿಲಲ್ಲೇ ನಿಂತು ಎರಡೂ ಕೈ ಮುಂದೆ ಚಾಚಿ ಇಲ್ಲದ ಸ್ಟೀರಿಂಗನ್ನು ತಿರುಗಿಸಿ ತೋರಿಸಿದ, ಅಕ್ಕಾ, ತಿರುವು ಬಂದಾಗೆಲ್ಲ ಇಲ್ಲಿ ಹಿಡಿಯುತ್ತೆ, ಬಲಕ್ಕೆ ಹೋಗೋಕೆ ಅಂಗಿ ಒಪ್ತಾ ಇಲ್ಲ. ಅತ್ತಿಗೆ ನಗಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅವರು ಹೊಲಿದದ್ದು ಹೀಗೆ ಚೀಲದಲ್ಲಿ ವಾಪಸು ಬಂದದ್ದಿಲ್ಲ. ಮುಂಭಾಗ ಅರ್ಧ ಇಂಚು ಹೆಚ್ಚು ಕೊರೀಬೇಕು ಅಂತ ನನಗೆ ಗೊತ್ತಿತ್ತು ಕಣೇ, ಗೊತ್ತಿದ್ದೂ ಪುಸ್ತಕ ನಂಬಿದೆ, ಎಂದು ಆ ಸಂಜೆ ಅಂಗಿಗಳನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದರು, ಆಮೇಲೆ ತಲೆ ಎತ್ತಿ, ಇದನ್ನ ಓದಿ ಇನ್ನೆಷ್ಟು ಜನ ಬಟ್ಟೆ ಹಾಳು ಮಾಡ್ಕೊಂಡಿದಾರೋ, ನಾನು ತಿದ್ದಬೌದಾ? ಆ ಮಾತು ಕೇಳಿ ಅವಳಿಗೆ ಆಗಿದ್ದ ಖುಷಿ ಈಗ ನೆನೆದರೂ ಎದೆಯಲ್ಲಿ ಹಾಗೇ ಇದೆ, ಯಾಕಂದರೆ ಕೈಪಿಡಿ ತಿದ್ದುವವರೆಲ್ಲ ಅವಳಂಥವರೇ, ಕೋಡು ಬರೆಯುವವರು, ತೋಳು ಕೂರಿಸಲು ಬರುವವರು ಒಬ್ಬರೂ ಇಲ್ಲ, ಸೂಜಿ ಹಿಡಿದವರು ಪೆನ್ನು ಹಿಡಿಯುತ್ತೇನೆ ಅಂದದ್ದು ಅದೇ ಮೊದಲು.

ತಿದ್ದಬಹುದು ಅಂತ ಹೇಳಿದಳು ನಿಜ, ಎಡಿಟರ್ ಆಗ ಇರಲಿಲ್ಲ, ಪುಟದ ಒಳಮೈ ಅತ್ತಿಗೆಗೆ ತೋರಿಸಿದಳು, ಸಾಲಿನ ಹಿಂದೆ ಮುಂದೆ ನಕ್ಷತ್ರ, ಏಣಿಯಂಥ ಗುರುತು, ಕಂಸದೊಳಗೆ ಕಂಸ, ಯಾವುದು ತಲೆಬರಹ ಯಾವುದು ಪಟ್ಟಿ ಅಂತ ಕಂಪ್ಯೂಟರಿಗೆ ಹೇಳುವ ಗುರುತುಗಳು, ಅತ್ತಿಗೆ ಕನ್ನಡಕ ಏರಿಸಿ, ಇದೇನೇ ಇದು, ಬಟ್ಟೆ ಒಳಗೆ ಹೊರಗಾಗಿದೆಯಲ್ಲ ಅಂದರು, ಅಂದು ಸಾಲು ತಿದ್ದಿದರು, ಜೊತೆಗೇ ಬೇಡದ ಕಸ ಅಂತ ಮೂರು ನಕ್ಷತ್ರಗಳನ್ನೂ ಅಳಿಸಿಬಿಟ್ಟರು, ಅಧ್ಯಾಯಕ್ಕೆ ಅಧ್ಯಾಯವೇ ಚೆದುರಿತು. ಆಗಲೇ ಅವಳು ಎಡಿಟರ್ ಕಟ್ಟಲು ಕೂತದ್ದು, ಒಳಮೈ ಕಾಣಿಸದ ಎಡಿಟರ್. ಮೂರು ತಿಂಗಳು ಕಟ್ಟಿದಳು. ಅತ್ತಿಗೆ ಕೂತರು, ಸಾಲು ತಿದ್ದಿದರು, ಸೇವ್ ಒತ್ತಿದರು, ಎಲ್ಲ ಹೂವೆತ್ತಿದಷ್ಟು ಸಲೀಸು, ಮನೆಯಲ್ಲಿ ಸಂಭ್ರಮ, ಮಾರನೆಯ ದಿನ ಮೇಷ್ಟ್ರ ಓಲೆ. ಮೇಷ್ಟ್ರು ಅಂದರೆ ಕೈಪಿಡಿಯ ಕಾವಲುಗಾರ, ಅವರನ್ನು ಯಾರೂ ನೋಡಿಲ್ಲ, ಒಂದಕ್ಷರ ಬದಲಾದರೂ ಅವರ ಕಣ್ಣ ಕೆಳಗೇ ಹಾದುಹೋಗಬೇಕು, ತಪ್ಪಿಗೆ ಕೆಂಪು ಗೆರೆ ಎಳೆಯುವ ರೀತಿಗೆ ಎಲ್ಲರೂ ಕೊಟ್ಟ ಹೆಸರು ಅದು. ಮೇಷ್ಟ್ರು ಬರೆದಿದ್ದರು, ನಾನೂರ ಹನ್ನೆರಡು ಸಾಲು ಬದಲಾಗಿವೆ, ಇವುಗಳಲ್ಲಿ ನೀವು ನಿಜವಾಗಿ ತಿದ್ದಿದ್ದು ಯಾವುದು ಅಂತ ನನಗೆ ಕಾಣಿಸುತ್ತಿಲ್ಲ, ಕಾಣದ್ದನ್ನು ನಾನು ಒಳಗೆ ಬಿಡುವುದಿಲ್ಲ. ನಾನೂರ ಹನ್ನೆರಡು. ಅತ್ತಿಗೆ ಮುಟ್ಟಿದ್ದು ಒಂದು. ಉಳಿದದ್ದೆಲ್ಲ ಯಾರು ಮುಟ್ಟಿದ್ದು ಅಂತ ಅವಳಿಗೆ ಗೊತ್ತಿತ್ತು, ತಕ್ಷಣ ಗೊತ್ತಾಯಿತು, ಕಿವಿ ಬಿಸಿಯಾಯಿತು — ಅವಳೇ ಬರೆದ ಕೋಡು, ಸೇವ್ ಮಾಡುವಾಗ ಪುಟವಿಡೀ ಬಿಚ್ಚಿ, ಒಳಮೈಯ ನಕ್ಷತ್ರಗಳನ್ನೆಲ್ಲ ಗೀಟುಗಳಾಗಿಸಿ, ಎರಡು ಖಾಲಿ ಸಾಲಿದ್ದಲ್ಲಿ ಒಂದು ಮಾಡಿ, ಉದ್ದ ಸಾಲುಗಳನ್ನು ಮುರಿದು, ಓರಣವಾಗಿ ಮತ್ತೆ ಹೊಲಿದುಬಿಡುತ್ತಿತ್ತು. ಓದುವವರ ಕಣ್ಣಿಗೆ ಏನೂ ವ್ಯತ್ಯಾಸವಿಲ್ಲ, ಬರೀ ಅಚ್ಚುಕಟ್ಟು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ, ಒಂದೇ ಎಮ್ಮೆಯೂ ಅಲ್ಲ, ಹಟ್ಟಿಗೆ ಹಟ್ಟಿಯೇ. ಅತ್ತಿಗೆಗೆ ಹೇಳಿದಳು, ತಪ್ಪು ನನ್ನದು ಅತ್ತಿಗೆ, ನಿಮ್ಮದಲ್ಲ, ಎರಡು ಸಲ ಹೇಳಿದಳು, ಅವರು ಕೇಳಿಸಿಕೊಂಡದ್ದು ಬೇರೆಯೇ, ನಾನು ಮುಟ್ಟಿದ್ದಕ್ಕೇ ಕೆಟ್ಟಿತು ಬಿಡು, ನನ್ನ ಕೈಗೆ ಕತ್ತರಿ ಸಾಕು. ಜಗಳ ಆಡಿದ್ದರೆ ವಾಸಿಯಿತ್ತು. ಟೇಪನ್ನು ಕೊರಳಿಂದ ತೆಗೆದು, ಸುತ್ತಿ, ಡಬ್ಬಿಗೆ ಹಾಕಿದರು, ಅವತ್ತೊಂದೇ ದಿನ ಅವಳು ಆ ಕೊರಳನ್ನು ಬರಿದಾಗಿ ನೋಡಿದ್ದು.

ಅಚ್ಚುಕಟ್ಟು — ಹುಟ್ಟುಗುಣ, ಅಮ್ಮ ಹೇಳುತ್ತಿದ್ದಳು, ತೊಟ್ಟಿಲಲ್ಲಿದ್ದಾಗಲೇ ಹೊದಿಕೆ ಸರಿ ಮಾಡಿಕೊಳ್ತಿತ್ತು ಈ ಮಗು ಅಂತ, ಸುಳ್ಳಿರಬೇಕು, ಅಮ್ಮ ಒಂದಕ್ಕೆ ನಾಲ್ಕು ಸೇರಿಸುವವಳು. ಆದರೆ ಅತ್ತಿಗೆಯ ಹೊಲಿಗೆ ಮೇಜಿನ ಕಥೆ ನಿಜ. ಅಣ್ಣನ ಮದುವೆಯಾದ ಹೊಸತು, ಅತ್ತಿಗೆ ಎರಡು ದಿನ ಊರಿಗೆ ಹೋಗಿದ್ದರು, ಇವಳು ಅವರಿಗೆ ಸಂತೋಷವಾಗಲಿ ಅಂತ ಗುಂಡಿಗಳನ್ನು ಬಣ್ಣಕ್ಕೊಂದು ಶೀಶೆಯಂತೆ ವಿಂಗಡಿಸಿದಳು, ದಾರದ ರೀಲುಗಳನ್ನು ಕಾಮನಬಿಲ್ಲಿನ ಕ್ರಮದಲ್ಲಿ ಜೋಡಿಸಿದಳು, ಕತ್ತರಿಗೆ ಒಂದು ಕೊಕ್ಕೆ ಹೊಡೆದಳು. ಅತ್ತಿಗೆ ಬಂದವರು ಬಾಗಿಲಲ್ಲೇ ನಿಂತರು, ತುಂಬ ಚೊಕ್ಕವಾಗಿದೆಯಮ್ಮ ಅಂದರು, ಕಣೇ ಅನ್ನುವ ಕಡೆ ಅಮ್ಮ ಅಂದದ್ದರಲ್ಲೇ ಅವಳಿಗೆ ಅರ್ಥವಾಗಬೇಕಿತ್ತು, ಆಗಲಿಲ್ಲ. ಒಂದು ವಾರ ಅವರಿಗೆ ಏನೂ ಸಿಗಲಿಲ್ಲ. ಆ ಶೀಶೆಗಳಲ್ಲಿ ಗುಂಡಿಗಳು ಮೊದಲು ಇದ್ದದ್ದು ಬಣ್ಣದ ಪ್ರಕಾರವಲ್ಲ, ಗಿರಾಕಿಗಳ ಪ್ರಕಾರ, ಈ ಶೀಶೆ ನರ್ಸಮ್ಮನದು, ಇದು ಬ್ಯಾಂಕಿನವರದು, ಅವರ ಮನಸ್ಸಿನಲ್ಲಿ ಎಲ್ಲಕ್ಕೂ ಒಂದು ಜಾಗವಿತ್ತು, ಕಣ್ಣಿಗೆ ಮಾತ್ರ ಅಡ್ಡಾದಿಡ್ಡಿ. ಚೊಕ್ಕಮ್ಮ ಎಂಬ ಹೆಸರು ಹಾಗೆ ಬಂದದ್ದು, ಬೈಗುಳವಾಗಿ ಹುಟ್ಟಿ ಮುದ್ದಾಗಿ ಉಳಿದದ್ದು. ಹದಿನಾರು ವರ್ಷ ಆ ಹೆಸರು ಕರೆಸಿಕೊಂಡೂ ಅದೇ ತಪ್ಪನ್ನು ಈ ಸಲ ಕೋಡಿನಲ್ಲಿ ಮಾಡಿದಳಲ್ಲ, ನಾಯಿ ಬಾಲದ ಡೊಂಕು, ಎಷ್ಟು ಕಾಲ ನಳಿಗೆಯಲ್ಲಿಟ್ಟರೂ ಅಷ್ಟೆ. ಮೇಷ್ಟ್ರ ಓಲೆ ಬಂದ ಮೇಲೆ ಒಂದು ಮಧ್ಯಾಹ್ನ, ಊಟವಾಗಿತ್ತು, ಅವಳು ಸುಮ್ಮನೆ ಬಾಗಿಲ ಬಳಿ ಕೂತಿದ್ದಳು, ಅತ್ತಿಗೆ ಡ್ರೈವರನ ಮೊದಲ ಅಂಗಿ ಸರಿಮಾಡಲು ಎತ್ತಿಕೊಂಡರು, ಹಸಿರು ಗುಂಡುಸೂಜಿ ಚುಚ್ಚಿ ಜಾಗ ಗುರುತು ಮಾಡಿದರು, ಅದರ ಎಡಕ್ಕೆ ಎರಡು ಇಂಚು, ಬಲಕ್ಕೆ ಎರಡು ಇಂಚು ದಾರ ಬಿಚ್ಚಿದರು, ಅಷ್ಟೆ, ತೋಳು ಹಾಗೇ ನೇತಾಡುತ್ತಿತ್ತು. ಪೂರ್ತಿ ಬಿಚ್ಚಿ ಹೊಸದಾಗಿ ಕೂರಿಸಿದ್ರೆ ಇನ್ನೂ ನೀಟಾಗಲ್ವಾ ಅತ್ತಿಗೆ, ಅವಳು ಕೇಳಿದಳು, ಕೇಳುವವಳು ಅವಳಲ್ಲದೆ ಇನ್ಯಾರು. ಅತ್ತಿಗೆ ತಲೆ ಎತ್ತಲಿಲ್ಲ, ದಾರ ಹಲ್ಲಲ್ಲಿತ್ತು, ಕೆಟ್ಟಿರೋದು ಇಲ್ಲಿ, ಮಿಕ್ಕಿದ್ದು ನೆಟ್ಟಗಿದೆ, ಅದನ್ಯಾಕೆ ಬಿಚ್ಚಲಿ, ಬಿಚ್ಚಿದಷ್ಟೇ ಹೊಲಿಬೇಕು, ಹೊಲಿಯೋವಷ್ಟೇ ಬಿಚ್ಚಬೇಕು. ಅವಳಿಗೆ ತನ್ನ ಕೋಡು ಕಣ್ಣ ಮುಂದೆ ಬಂತು. ಎದ್ದು ಹೋಗಿ ಮೂರು ತಿಂಗಳ ಕೋಡಿನಲ್ಲಿ ಮುಕ್ಕಾಲು ಪಾಲು ಅಳಿಸಿದಳು, ಅಳಿಸುವಾಗ ಬೇಸರವಾಗಲಿಲ್ಲ, ಅದೇ ಅವಳಿಗೆ ಆಶ್ಚರ್ಯ, ಇನ್ನು ಎಡಿಟರ್ ಯಾವ ಪ್ಯಾರಾ ಮುಟ್ಟಿದರೋ ಅದನ್ನಷ್ಟೇ ಬಿಚ್ಚುತ್ತದೆ, ಉಳಿದದ್ದನ್ನು ಬರೆದವರು ಹೇಗೆ ಬಿಟ್ಟರೋ ಹಾಗೇ ಬಿಡುತ್ತದೆ, ಸೊಟ್ಟಗಿದ್ದರೆ ಸೊಟ್ಟಗೆ. ಒಂದು ತಿಂಗಳು ಹಿಡಿಯಿತು.

ಅತ್ತಿಗೆ ಹಳೆಯ ಸಾಲನ್ನು ಅಳಿಸಿಯಾಯಿತು, ಎರಡು ಬೆರಳಲ್ಲಿ ಒತ್ತುತ್ತಿದ್ದಾರೆ, ಒಂದೊಂದಕ್ಷರಕ್ಕೂ ತಲೆ ಆಡಿಸುತ್ತಾ, ಮುಂಭಾಗದ ಕೊರೆತ ಹಿಂಭಾಗಕ್ಕಿಂತ ಅರ್ಧ ಇಂಚು ಹೆಚ್ಚು ಒಳಗೆ ಹೋಗಬೇಕು, ಚೆನ್ನಾಗಿದೆ, ಇಲ್ಲದಿದ್ದರೆ ಕೈ ಚಾಚಿದಾಗ ಬಟ್ಟೆ ಹಿಡಿಯುತ್ತದೆ, ಸೊಗಸಾಗಿದೆ, ಇಲ್ಲಿಗೆ ನಿಲ್ಲಿಸಬೇಕು — ನಿಲ್ಲಿಸಲಿಲ್ಲ, ನಾನು ಆರು ಅಂಗಿ ಬಿಚ್ಚಿದೀನಿ, ಅಂತ ಸೇರಿಸಿದರು. ಅಯ್ಯೋ, ಕೈಪಿಡಿಯಲ್ಲಿ ಹೀಗೆ ಬರೆಯುವುದುಂಟೇ, ನಾನು ಅನ್ನುವವರೇ ಇಲ್ಲ ಅದರಲ್ಲಿ, ಮೇಷ್ಟ್ರು ಒಪ್ಪುವುದಿಲ್ಲ, ಆ ಕೊನೆಯ ಮಾತೊಂದು ತೆಗೆದರೆ — ಬಲಗೈ ಕಂಕುಳಿಂದ ಅರ್ಧ ಹೊರಗೆ ಬಂದಿತ್ತು, ಅವಳು ನೋಡಿದಳು ಅದನ್ನು, ಬೇರೆಯವರ ಕೈ ನೋಡಿದಂತೆ, ಹಿಂದಕ್ಕೆ ಎಳೆದುಕೊಂಡಳು. ಇನ್ನು ಕಳಿಸ್ಲಾ, ಅತ್ತಿಗೆ ತಿರುಗದೆ ಕೇಳಿದರು. ನಿಮಗೆ ಸರಿ ಅನಿಸಿದ್ರೆ ಕಳಿಸಿ ಅತ್ತಿಗೆ. ಒತ್ತಿದರು. ಎಡಿಟರ್ ಹೆಸರು ಕೇಳಿತು, ಟೈಲರ್ ಅಂತ ಬರೆದರು. ಆಮೇಲೆ ಕಾಯುವುದು, ಹೊರಗೆ ಯಾರದೋ ಸೈಕಲ್ಲು ಹೋಯಿತು, ಇಸ್ತ್ರಿಪೆಟ್ಟಿಗೆ ತಣ್ಣಗಾಗುತ್ತಾ ಟಿಕ್ ಟಿಕ್ ಅಂದಿತು, ನಾನೂರ ಹನ್ನೆರಡು, ನಾನೂರ ಹನ್ನೆರಡು ಅಂತ ಅವಳ ಎದೆ ಹೊಡೆದುಕೊಳ್ಳುತ್ತಿದೆ, ಪುಟ ತೆರೆಯಿತು, ಮೇಷ್ಟ್ರು ನೋಡುವ ಪುಟ, ಉದ್ದಕ್ಕೂ ಬಿಳಿ, ಅವಳು ಕೆಳಕ್ಕೆ ಸರಿಸಿದಳು, ಬಿಳಿ, ಬಿಳಿ, ಯಾರೋ ಎಂದೋ ಬಿಟ್ಟ ಜೋಡಿ ಖಾಲಿ ಸಾಲು ಹಾಗೇ ಇದೆ, ಸೊಟ್ಟ ನಕ್ಷತ್ರ ಹಾಗೇ ಇದೆ, ಎಷ್ಟು ಚಂದ ಈ ಅಡ್ಡಾದಿಡ್ಡಿ, ನಡುವೆ ಹೋದ ಸಾಲು ಒಂದು, ಕೆಂಪು, ಬಂದ ಸಾಲು ಒಂದು, ಹಸಿರು. ಬದಲಾದದ್ದು ಒಂದು. ಇಷ್ಟೇನಾ, ಅತ್ತಿಗೆ ಕನ್ನಡಕ ತೆಗೆದರು, ಇದೊಂದು ಸಾಲಿಗೆ ನಾಲ್ಕು ತಿಂಗಳು ಕೂತ್ಯಾ, ಬೆಟ್ಟ ಅಗೆದು ಇಲಿ ಹಿಡಿದ್ಯಲ್ಲೇ. ಇಲಿಯೇ ಬೇಕಿತ್ತು ಅತ್ತಿಗೆ, ಅಂದಳು ಅವಳು, ನಗು ಬಂತು. ಅಷ್ಟರಲ್ಲಿ ಮೇಷ್ಟ್ರ ಉತ್ತರ, ಕಾದು ಕೂತಿದ್ದರೇನೋ, ಈಗ ಕಾಣಿಸಿತು, ಸೇರಿಸಿದ್ದೇನೆ, ಕೊನೆಯ ಮಾತನ್ನು ತೆಗೆಯುವುದಿಲ್ಲ, ಆರು ಅಂಗಿ ಬಿಚ್ಚಿದವರ ಮಾತನ್ನು ಓದಿದವರು ಮರೆಯುವುದಿಲ್ಲ, ನನ್ನ ಅಂಗಿಯೂ ಬಹಳ ವರ್ಷದಿಂದ ಅಲ್ಲೇ ಹಿಡಿಯುತ್ತಿತ್ತು. ಅತ್ತಿಗೆ ಎರಡು ಸಲ ಓದಿದರು, ಟೇಪನ್ನು ಕೊರಳ ಸುತ್ತ ಸರಿ ಮಾಡಿಕೊಂಡರು, ಹತ್ತನೇ ಅಧ್ಯಾಯದಲ್ಲೂ ಕಾಲರ್ ಬಗ್ಗೆ ಏನೋ ಹುಚ್ಚುಚ್ಚಾಗಿ ಬರೆದಿದಾರೆ, ನಾಳೆ ನೋಡ್ತೀನಿ, ಎಂದು ಎದ್ದು ಯಂತ್ರದ ಮುಂದೆ ಹೋಗಿ ಕೂತರು, ನಾಳೆ ಅಂದರು, ತಾವಾಗಿಯೇ ನಾಳೆ ಅಂದರು, ಅವಳು ಅದೇ ಮಾತನ್ನು ಮತ್ತೆ ಮತ್ತೆ ಚಪ್ಪರಿಸುತ್ತಾ ಅಲ್ಲೇ ನಿಂತಿದ್ದಾಳೆ, ಏನೇ ಚೊಕ್ಕಮ್ಮ, ಕಂಬದ ಹಾಗೆ ನಿಂತ್ಯಲ್ಲ, ಆ ಅಂಗಿ ತಗೊಂಡು ಬಾ, ಅವಳು ಬಾಗಿಲ ಹಿಂದಕ್ಕೆ ಹೋದಳು, ಕೈ ಚಾಚಿದಳು, ತೋಳು ಮಡಚಿಕೊಂಡಿದೆ, ಸರಿ ಮಾಡಲೇ, ಬೇಡ, ಇರುವ ಹಾಗೇ, ಇಷ್ಟಗಲ ಬಿಳಿ ಬಟ್ಟೆ, ಅದರಲ್ಲಿ ಹಸಿರು ತಲೆಯ ಗುಂಡುಸೂಜಿ, ಒಂದೇ ಒಂದು ಗುಂಡುಸೂಜಿ, ಹಸಿರು