ಮೂವತ್ತೊಂದನೆಯ ಗರಿ

ನಾನು ಒಂದು ಮಿಂಚಂಚೆ ಬಳಗ. ಮರದಿಂದಾದವನಲ್ಲ, ಲೋಹದಿಂದಾದವನಲ್ಲ, ಪಂಡಿತರ ಪ್ರಶ್ನೋತ್ತರಗಳೇ ನನ್ನ ಶರೀರ. ವಿದ್ವಾನ್ ಅನಂತಶಯನ ಜೋಯಿಸರು ಸರಸ್ವತೀಪೂಜೆಯ ಬೆಳಿಗ್ಗೆ ಗಣಕಯಂತ್ರದ ಹಣೆಗೆ ಕುಂಕುಮವಿಟ್ಟು, 'ಹಸ್ತಪ್ರತಿ ಸಭೆ' ಎಂದು ನನಗೆ ನಾಮಕರಣ ಮಾಡಿದರು. ತಾಳೆಗರಿಯೊಡನೆ ಬದುಕುವ ಎಲ್ಲರೂ ನನ್ನವರು: ಲಿಪಿಜ್ಞರು, ವೈದ್ಯರು, ಜ್ಯೋತಿಷಿಗಳು, ಗರಿಗಳಿಗೆ ಎಣ್ಣೆ ಸವರಿ ಕಾಪಾಡುವವರು. ಯಾರ ಪ್ರಶ್ನೆಯಾದರೂ "ಸಭೆಗೆ ವಂದನೆ" ಎಂದು ಆರಂಭವಾಗಿ ಸಕಲರಿಗೂ ಹೋಗಬೇಕು. ಅದು ಜೋಯಿಸರ ಕಟ್ಟಳೆ.

ಅವರು ಹರಿಪಾದ ಸೇರಿದ ಮೇಲೆ ಶಿಷ್ಯ ಡಾ. ವೃಷಭಸೇನರ ಕೈಗೆ ಬಂದೆ. ತಮಗೆ ಬೇಡದ ಪತ್ರಗಳೇ ಹೆಚ್ಚೆಂದು ಸದಸ್ಯರು ಗೊಣಗತೊಡಗಿದ್ದರು. ಆ ದೂರಿನಲ್ಲಿ ಸತ್ಯವಿರಲಿಲ್ಲವೆಂದು ನಾನು ಹೇಳಲಾರೆ. ಒಬ್ಬ ವೈದ್ಯರಂತೂ, "ಎಣ್ಣೆ ಸವರುವವರ ಅಭಿಪ್ರಾಯಕ್ಕಾಗಿ ಶಾಸ್ತ್ರ ಕಾಯಬೇಕೇ, ಸ್ವಾಮಿ?" ಎಂದು ಬರೆದರು. ಆ ಮಾತು ಮಠವೊಂದರ ಗ್ರಂಥಭಂಡಾರದಲ್ಲಿ ಗರಿ ಕಾಯುವ ತಿಪ್ಪೇರುದ್ರಪ್ಪನವರಿಗೆ. ಕೊನೆಗೆ ವೃಷಭಸೇನರು ಶಾಸ್ತ್ರಕ್ಕೊಂದರಂತೆ ಐದು ಹೊಸ ಬಳಗ ಮಾಡಿದರು. ಆರುನೂರು ಮಂದಿಯಲ್ಲಿ ನನ್ನೊಳಗೆ ಉಳಿದವರು ನಲವತ್ತೊಂದು. ಬರುವ ಯುಗಾದಿಗೆ ನನ್ನನ್ನು ಮುಚ್ಚುವುದಾಗಿ ವೃಷಭಸೇನರು ಪ್ರಕಟಿಸಿದರು.

ಆಗಲೇ ಸುಭದ್ರಮ್ಮನವರ ಪತ್ರ ಬಂದದ್ದು. ಅದೇ ಮಠದ ಭಂಡಾರದ ಬಾಲಚಿಕಿತ್ಸೆಯ ಗ್ರಂಥವೊಂದನ್ನು ಅವರು ಸಂಪಾದಿಸಿದ್ದರು. ಅಚ್ಚಿಗೆ ಹೋಗಲು ನಾಲ್ಕೇ ದಿನ. ಮೂವತ್ತೊಂದನೆಯ ಗರಿಯಲ್ಲಿ ಹೊಟ್ಟೆನೋವಿಗೆ ಜಾಪಾಳದ ಬೀಜ ಬೆರೆಸಿದ, ಭೇದಿ ಮಾಡಿಸುವ ಕಷಾಯ ಎರಡು ಸೇರು ಎಂದಿತ್ತು. ವೈದ್ಯರ ಬಳಗದಲ್ಲಿ ಕೇಳಿದರೆ, ಅದು ಕುದಿಸುವ ಪ್ರಮಾಣ, ಕುಡಿಸುವುದು ಎಂಟರಲ್ಲೊಂದು ಭಾಗವಿರಬೇಕು, ಹಾಗೆಂದು ಟಿಪ್ಪಣಿ ಹಾಕಿ ಎಂದರಂತೆ. ಆಕೆಯ ಮನಸ್ಸು ಒಪ್ಪಲಿಲ್ಲ. ಪುಸ್ತಕ ನೋಡಿ ಯಾವ ತಾಯಿಯಾದರೂ ಕುಡಿಸಿಬಿಟ್ಟರೆ? ಹಳೆಯ ರೂಢಿಯಂತೆ "ಸಭೆಗೆ ವಂದನೆ" ಎಂದು ಬರೆದು, ಮೂರು ಗರಿಗಳ ಚಿತ್ರವಿಟ್ಟು ನನ್ನಲ್ಲಿಗೂ ಕಳುಹಿಸಿದರು.

ತಿಪ್ಪೇರುದ್ರಪ್ಪನವರು ಅಕ್ಷರ ನೋಡಲಿಲ್ಲ, ದಾರ ಪೋಣಿಸುವ ರಂಧ್ರ ನೋಡಿದರು. ಉಳಿದೆರಡು ಗರಿಗಳಲ್ಲಿ ಅದು ದುಂಡಗಿತ್ತು; ಇದರಲ್ಲಿ ಸವೆದು ಉದ್ದವಾಗಿ, ಅಂಚಿಗೆ ಎರಡು ಬೆರಳು ಹತ್ತಿರವಿತ್ತು. ಮರುದಿನ ಭಂಡಾರದ ಇನ್ನೊಂದು ಕಟ್ಟು ಬಿಚ್ಚಿ ನೋಡಿ ಬರೆದರು: "ಅಮ್ಮಾ, ಇದು ಅಶ್ವವೈದ್ಯದ ಗರಿ. ಆ ಕಷಾಯ ಕುಡಿದ ಮಗುವಿಗೆ ಲಾಳ ಹೊಡೆಸಬೇಕಾದೀತು. ನಿಮ್ಮ ಮೂವತ್ತೊಂದನೆಯ ಗರಿ ಕುದುರೆಯ ಕಟ್ಟಿನಲ್ಲಿ ಕ್ಷೇಮವಾಗಿದೆ. ಎಣ್ಣೆ ಸವರಲು ಎರಡು ಕಟ್ಟನ್ನೂ ಒಂದೇ ಚಾಪೆಯ ಮೇಲೆ ಬಿಚ್ಚಿದ್ದೆ. ಸಂಖ್ಯೆ ನೋಡಿ ಕಟ್ಟಿದೆ, ರಂಧ್ರ ನೋಡಲಿಲ್ಲ. ತಪ್ಪು ನನ್ನದೇ."

ಗ್ರಂಥ ಶುದ್ಧವಾಗಿ ಅಚ್ಚಾಯಿತು. ಆದರೆ ವೃಷಭಸೇನರು ತಾರ್ಕಿಕರು, ಬಳಗ ಒಡೆದದ್ದು ತಪ್ಪೆಂದು ಒಪ್ಪಲಿಲ್ಲ. ಎರಡು ಶಾಸ್ತ್ರಗಳನ್ನು ಒಂದೇ ಚಾಪೆಯ ಮೇಲೆ ಹರಡಿದ್ದರಿಂದಲ್ಲವೇ ಈ ಪ್ರಮಾದ ಎಂದು ಕೇಳಿದರು. ನನ್ನ ಆಯುಷ್ಯ ಆ ಪ್ರಶ್ನೆಯ ತುದಿಯಲ್ಲಿ ನಿಂತಿತ್ತು.

ತಿಪ್ಪೇರುದ್ರಪ್ಪನವರ ಉತ್ತರ ಸಂಜೆಗೆ ಬಂತು. "ಹೌದು ಸ್ವಾಮಿ, ತಪ್ಪಾದದ್ದು ಒಂದೇ ಚಾಪೆಯ ಮೇಲೆ. ಆಮೇಲೆ ಬೇರೆ ಬೇರೆ ಕಪಾಟಿನಲ್ಲಿ ಇಟ್ಟೆ. ಹನ್ನೊಂದು ವರ್ಷ ಯಾರಿಗೂ ತಿಳಿಯಲಿಲ್ಲ."

ಯುಗಾದಿ ಕಳೆಯಿತು, ಮುಚ್ಚುವ ಆಜ್ಞೆ ಬರಲಿಲ್ಲ, ಹಿಂದಿನ ಪ್ರಕಟಣೆ ಹಿಂತೆಗೆದುಕೊಂಡದ್ದೂ ಇಲ್ಲ. ಬಿಟ್ಟುಹೋದವರಲ್ಲಿ ಮರಳಿದವರು ಆರೇ ಮಂದಿ. ಆ ವೈದ್ಯರು ಬಂದಿಲ್ಲ. ಈಗ ನಾನು ವೃದ್ಧ. ವಾರಕ್ಕೆ ಎರಡು ಪತ್ರ ಬಂದರೆ ಹೆಚ್ಚು. ಆದರೂ ನನ್ನನ್ನು ಐದಾಗಿ ಸೀಳಿದವರಿಗೆ ತಲೆಬಾಗುವುದಿಲ್ಲ. ವಾಗ್ದೇವಿಯ ಸನ್ನಿಧಿಯಲ್ಲಿ ಹುಟ್ಟಿದವನು ನಾನು. ಅವಳ ಮುಂದೆ ಪುಸ್ತಕಗಳನ್ನು ಒಟ್ಟಿಗೇ ಇಟ್ಟು ಪೂಜಿಸುತ್ತಾರೆ. ಯಾವುದು ಯಾವ ಶಾಸ್ತ್ರದ್ದೆಂದು ಅವಳು ಕೇಳಿದ್ದನ್ನು ನಾನು ಕಂಡಿಲ್ಲ. ಮುಚ್ಚುವವರು ಮುಚ್ಚಲಿ. ಅಲ್ಲಿಯವರೆಗೆ ನನ್ನಲ್ಲಿಗೆ ಬಂದ ಪ್ರಶ್ನೆ ನಲವತ್ತೇಳು ಮನೆಗಳಿಗೂ ಹೋಗುತ್ತದೆ, ಬೇಕೆಂದವರಿಗೂ, ಬೇಡವೆಂದವರಿಗೂ.