ಒಳಗಿನ ಕಾವು

ಡಾಕ್ಟರ್ ಸ್ನೇಹಲತಾ ಸ್ವಾತಿಯ ಹೊಟ್ಟೆಯ ಮೇಲೆ ಸ್ಕ್ಯಾನಿಂಗ್ ಯಂತ್ರದ ಹಿಡಿಯನ್ನು ಸರಿಸುತ್ತ ಮತ್ತೆ ಅದೇ ಜಾಗಕ್ಕೆ ಬಂದು ನಿಂತರು. ಕೊನೆಯ ಮುಟ್ಟು ಯಾವಾಗ ಎಂದು ಇನ್ನೊಮ್ಮೆ ಕೇಳಿದರು. ಸ್ವಾತಿ ಅದೇ ತಾರೀಖು ಹೇಳಿದಳು. ಹಾಗಾದರೆ ಏಳು ತಿಂಗಳು ತುಂಬಿದೆ, ಆದರೆ ಮಗು ಆರು ತಿಂಗಳಿನಷ್ಟೇ ಬೆಳೆದಿದೆ ಎಂದರು ಡಾಕ್ಟರ್. ಪಕ್ಕದಲ್ಲಿ ನಿಂತಿದ್ದ ಸ್ವಾತಿಯ ಅಮ್ಮ, ಮಗಳು ಬಸಳೆ, ಮೀನು, ಗಂಜಿ ಎಲ್ಲವನ್ನೂ ಹೊಟ್ಟೆತುಂಬ ಉಣ್ಣುತ್ತಾಳೆಂದು ಯಾರೂ ಕೇಳದೆಯೇ ಹೇಳಿದಳು.

ಚೊಚ್ಚಲ ಬಸಿರು. ಗಂಡ ರತೀಶ್ ಮಂಗಳೂರಿನ ಹೋಟೆಲೊಂದರಲ್ಲಿ ಕ್ಯಾಷಿಯರ್. ಕಳೆದ ತಿಂಗಳವರೆಗೂ ಸ್ವಾತಿ ಅಲ್ಲೇ, ಇನ್ನೂ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡದ ಹಿಂದಿನ ಬಾಡಿಗೆ ಮನೆಯಲ್ಲಿದ್ದಳು. ಹೆರಿಗೆಗೆಂದು ಹಾಲಾಡಿಯ ತವರಿಗೆ ಬಂದಿದ್ದಳು. ಮದುವೆಯಾದ ಹೊಸತರಲ್ಲಿ ಅಲ್ಲಿನ ಸೊಳ್ಳೆಗಳಿಂದ ಎರಡು ಸಲ ಮಲೇರಿಯಾ ಬಂದು ಮಂಚ ಅಲುಗುವಷ್ಟು ನಡುಗಿದ್ದಳು. ಈಗ ಅಂಥದ್ದೇನೂ ಇರಲಿಲ್ಲ. ಮೊನ್ನೆ ಒಂದು ಸಂಜೆ ಮೈ ಬೆಚ್ಚಗಾಗಿತ್ತು, ಬೆಳಿಗ್ಗೆ ಇಳಿದಿತ್ತು. ಹೇಳಲೋ ಬೇಡವೋ ಎಂದುಕೊಳ್ಳುತ್ತಲೇ ಅದನ್ನೂ ಹೇಳಿದಳು. ಡಾಕ್ಟರ್ ಕೂಡಲೇ ರಕ್ತಪರೀಕ್ಷೆಗೆ ಕಳಿಸಿದರು. ಮಧ್ಯಾಹ್ನಕ್ಕೆ ಉತ್ತರ ಬಂತು: ಮಲೇರಿಯಾ.

ತಾಯಿಯಿಂದ ಮಗುವಿಗೆ ಅನ್ನ, ಉಸಿರು ಎರಡನ್ನೂ ಮುಟ್ಟಿಸುವುದು ಮಾಸು, ರೋಗ ಸೇರಿಕೊಂಡದ್ದು ಅಲ್ಲಿ ಎಂದು ಡಾಕ್ಟರ್ ವಿವರಿಸಿದರು. ಅವರೂ ಅದೇ ಸೀಮೆಯ ಕುಂಭಾಶಿಯವರು, ಸ್ವಾತಿಯ ಮುಖ ನೋಡಿ ಊರ ಮಾತಿಗೆ ಇಳಿದರು.

"ನಿನ್ ಮೈಗೆ ಈ ರೋಗದ್ ಗುರ್ತ ಇತ್ತ್, ಅದ್ಕೇ ಜ್ವರ ಜೋರ್ ಬರ್ಲಿಲ್ಲ. ಆರೆ ಮಾಸ್ ಅಂಬುದ್ ಹೊಸ ಜಾಗ. ಹುಳ ಅಲ್ ಹೋಯಿ ಅಡ್ಗಿ ಕೂತಿತ್ತ್. ಅದನ್ನ ಓಡ್ಸುಕೆ ನಿನ್ ಮೈ ಅಲ್ಲೇ ಹೊಡ್ದಾಡ್ತಾ ಇತ್ತ್. ಆ ಗಲಾಟಿಯಿಂದ ಮಾಸ್ ಬಾತ್ಕಂಡ್, ಮಗುಗ್ ಅನ್ನ ಹೋಪ್ದ್ ಕಮ್ಮಿ ಆಯ್ತ್."

ಸ್ವಾತಿ ಕೇಳಿದಳು, "ಹಂಗಾರೆ ಮಗು ಸಣ್ಣ ಆದ್ದ್ ರೋಗದಿಂದವಾ, ನನ್ ಮೈಯಿಂದವಾ?"

"ಎರಡ್ರಿಂದ್ಲೂ," ಎಂದರು ಡಾಕ್ಟರ್. ಇದರಲ್ಲಿ ಅವಳ ತಪ್ಪೇನೂ ಇಲ್ಲವೆಂದೂ ಸೇರಿಸಿದರು. ಆದರೆ ಆ ಹೊತ್ತಿಗಾಗಲೇ ಸ್ವಾತಿಗೆ ಅವರ ಮಾತು ಕೇಳಿಸುತ್ತಿರಲಿಲ್ಲ.

ಹಾಲಾಡಿ ಬಸ್ಸಿನಲ್ಲಿ ಕಿಟಕಿಗೆ ತಲೆಯೊರಗಿಸಿ ಕುಳಿತರೂ ಅದೇ ಪ್ರಶ್ನೆ. ತನ್ನನ್ನು ಕಾಯುವುದಕ್ಕೆಂದೇ ಒಳಗೆ ಯಾರೋ ಹೊಡೆದಾಡುತ್ತಿದ್ದರು, ಏಟು ಬಿದ್ದದ್ದು ಮಗುವಿಗೆ. ತನಗೆ ಮಾತ್ರ ಒಂದು ತಲೆನೋವೂ ಇರಲಿಲ್ಲ. ಕೋಪ ಮಾಡಿಕೊಳ್ಳುವುದಾದರೆ ಯಾರ ಮೇಲೆ? ಹೊಟ್ಟೆಯ ಮೇಲೆ ಇಟ್ಟ ತನ್ನದೇ ಕೈ ಬೇರೆ ಯಾರದೋ ಎನ್ನಿಸಿ ತೆಗೆದಳು. ಮತ್ತೆ ಇಟ್ಟಳು.

ಮನೆಯಲ್ಲಿ ಅಮ್ಮ ಡಾಕ್ಟರ್ ಕೊಟ್ಟ ಮಲೇರಿಯಾ ಮಾತ್ರೆಯ ಪಟ್ಟಿಯನ್ನು ಕೊಡದೆ ಕೈಯಲ್ಲೇ ಹಿಡಿದುಕೊಂಡಳು.

"ಜ್ವರ ಇಲ್ದಿದ್ದವ್ರಿಗೆ ಜ್ವರದ್ ಮಾತ್ರೆ ಎಂತಕೆ? ಹೊಟ್ಯಂಗ್ ಇಪ್ಪ ಮಗು ಅದನ್ನ ತಡ್ಕಂತಾ ಮಗಾ?"

ಸ್ವಾತಿಗೂ ಅದೇ ಹೆದರಿಕೆ. ರತೀಶನಿಗೆ ಫೋನು ಮಾಡಿದಳು. ಅವನು ಡಾಕ್ಟರು ಹೇಳಿದಂತೆ ಮಾಡು ಎಂದ, ಮರುಕ್ಷಣವೇ ಇನ್ನೊಬ್ಬರನ್ನು ಕೇಳುವುದು ಒಳ್ಳೆಯದೇನೋ ಎಂದ, ಕೊನೆಗೆ ನಾನು ಬರಲಾ ಎಂದು ಕೇಳಿದ. ಅವಳು ಫೋನು ಇಟ್ಟು ಅಮ್ಮನೆದುರು ಕೈಚಾಚಿ ನಿಂತಳು. ಅಮ್ಮ ಮಗಳ ಮುಖವನ್ನೇ ನೋಡಿದಳು, ಆಮೇಲೆ ಪಟ್ಟಿಯನ್ನು ಕೊಟ್ಟು ನೀರು ತರಲು ಒಳಗೆ ಹೋದಳು. ಮಾತ್ರೆ ನುಂಗಿದ ಸ್ವಾತಿ ಚಾವಡಿಯಲ್ಲಿ ಕುಳಿತು ಮಗುವಿನ ಒದೆತಕ್ಕೆ ಕಾದಳು. ಸುಮಾರು ಹೊತ್ತಿನ ಮೇಲೆ ಒಂದು ಒದೆತ ಬಂತು. ಅದು ಸಂತೋಷದ್ದೋ ಸಂಕಟದ್ದೋ ಅವಳಿಗೆ ತಿಳಿಯಲಿಲ್ಲ.

ಮಗು ದಿನ ತುಂಬುವ ಮೊದಲೇ ಹುಟ್ಟಿತು. ಹೆಣ್ಣು. ಎರಡು ಕೆಜಿಯೂ ಇರಲಿಲ್ಲ. ಕೆಲವು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟು, ಆಮೇಲೆ ಮನೆಗೆ ಕಳಿಸಿಕೊಟ್ಟರು. ಪ್ರೇಕ್ಷಾ ಎಂದು ಹೆಸರಿಟ್ಟರು. ನಿಧಾನಕ್ಕೆ ಕೆನ್ನೆ ತುಂಬಿತು.

ಒಂದೂವರೆ ತಿಂಗಳಿಗೆ ಆರೋಗ್ಯ ಕೇಂದ್ರದಲ್ಲಿ ಲಸಿಕೆಯ ಸೂಜಿ ಹಾಕಿಸಿದರು. ಜ್ವರ ಬರಬಹುದು, ಹೆದರಬೇಡ ಎಂದಳು ನರ್ಸ್. ರೋಗವನ್ನು ಎದುರಿಸಲು ಮೈ ಕಲಿಯುವುದೇ ಹಾಗಂತೆ. ಹೆಚ್ಚಾದರೆ ಮಾತ್ರ ಹಾಕು ಎಂದು ಹನಿ ಔಷಧಿಯ ಪುಟ್ಟ ಬಾಟಲಿ ಕೊಟ್ಟಳು.

ಸಂಜೆ ಮಗುವಿನ ಮೈ ಬಿಸಿಯೇರಿತು. ಅಮ್ಮ ಒದ್ದೆ ಬಟ್ಟೆ ತಂದುಕೊಟ್ಟು ದೀಪ ಹಚ್ಚಲು ಹೋದಳು. ಸ್ವಾತಿ ಮಗುವಿನ ಹಣೆಯ ಮೇಲೆ ಅಂಗೈ ಇಟ್ಟಳು. ಕಾವು ಅಂಗೈಯಿಂದ ಮೊಣಕೈಯವರೆಗೂ ಹತ್ತಿದಂತಾಯಿತು. ಇದನ್ನು ಇಳಿಸಬೇಕೋ, ಇರಗೊಡಬೇಕೋ. ಇನ್ನೊಂದು ಕೈಯಲ್ಲಿದ್ದ ಬಟ್ಟೆಯಿಂದ ನೀರು ಚಾಪೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಮಗು ಕೆಂಪಗಿನ ಮುಖದಲ್ಲಿ ಕಣ್ಣು ಬಿಟ್ಟು ಅವಳನ್ನೇ ನೋಡುತ್ತಿತ್ತು.