ಕಿಟಕಿ ಕಡೆಯ ಕೆನ್ನೆ

"ಪ್ರಥಮ ಚಿಕಿತ್ಸೆ ಡಬ್ಬಿ ತೆಗೀರಿ," ಎಂದರು ತಪಾಸಣೆಗೆ ಬಂದಿದ್ದ ಸಾಹೇಬರು.

ಇಪ್ಪತ್ತೆಂಟು ವರ್ಷದ ಸರ್ವೀಸಿನಲ್ಲಿ ಡ್ರೈವರನ ಬಸ್ಸಿನ ಬ್ರೇಕು ನೋಡಿದವರಿದ್ದರು, ಟೈರು ಒದ್ದು ನೋಡಿದವರಿದ್ದರು. ಸೀಟಿನ ಹಿಂದಿನ ಆ ತಗಡಿನ ಡಬ್ಬಿಯನ್ನು ಕೇಳಿದ ಪುಣ್ಯಾತ್ಮ ಒಬ್ಬನೂ ಇರಲಿಲ್ಲ. ಆ ಧೈರ್ಯದ ಮೇಲೆಯೇ ಅವನು ಅದರೊಳಗೆ ಒಂದು ವಸ್ತುವನ್ನು ಬಚ್ಚಿಟ್ಟಿದ್ದು.

"ಬೀಗದ ಕೈ ಮನೇಲೇ ಬಿಟ್ಟು ಬಂದೆ ಅನ್ಸುತ್ತೆ ಸಾರ್."

"ನಿಮ್ಮ ಸೊಂಟದಲ್ಲೇ ನೇತಾಡ್ತಿದೆಯಲ್ಲ ಯಜಮಾನ್ರೇ," ಎಂದ ಕಂಡಕ್ಟರ್, ದೊಡ್ಡ ಉಪಕಾರ ಮಾಡಿದವನ ಹಾಗೆ.

ಡಬ್ಬಿ ತೆರೆಯಿತು. ಹತ್ತಿ, ಬ್ಯಾಂಡೇಜು, ಒಣಗಿಹೋದ ಟಿಂಚರು. ಅವುಗಳ ನಡುವೆ ಒಂದು ನೀಲಿ ಟ್ಯೂಬು, ಒಡೆದ ಮುಚ್ಚಳಕ್ಕೆ ಕರೆಂಟಿನವರ ಕಪ್ಪು ಟೇಪು ಸುತ್ತಿದ್ದು. ಸಾಹೇಬರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು. "'ಗಂಡಸರ ಮುಖಕ್ಕೆ. ಬಿಸಿಲಿನಿಂದ ರಕ್ಷಣೆ, ದಿನವಿಡೀ ಕಾಂತಿ.' ಏನ್ರೀ, ಆಕ್ಸಿಡೆಂಟ್ ಆದ್ರೆ ಗಾಯದವರಿಗೆ ಇದನ್ನ ಹಚ್ಚಿ ಫೋಟೋ ತೆಗೀತೀರಾ?"

ಸುತ್ತ ನಿಂತಿದ್ದ ಡಿಪೋ ಮಂದಿ ಗೊಳ್ಳೆಂದು ನಕ್ಕರು.

ಆ ಟ್ಯೂಬು ಡ್ರೈವರನ ಮಗನದು. ಮಗ ಇದೇ ಡಿಪೋದಲ್ಲಿ ಮೆಕ್ಯಾನಿಕ್. ಗ್ರೀಸು, ಡೀಸೆಲ್ ಹೊಗೆಗೆ ಅವನ ಮುಖದ ತುಂಬ ಗುಳ್ಳೆಯೆದ್ದು, ಔಷಧಿ ಅಂಗಡಿಯವನು ಹೇಳಿದಂತೆ ಮುಖ ತೊಳೆಯಲೊಂದು ದ್ರವ, ಬೆಳಗಿಗೊಂದು ಕ್ರೀಮು ತಂದಿಟ್ಟುಕೊಂಡಿದ್ದ. ತಿಂಗಳ ಹಿಂದೆ ಒಂದು ಬೆಳಿಗ್ಗೆ ಬಚ್ಚಲಿನ ಬಾಗಿಲು ಹತ್ತು ನಿಮಿಷ ತೆರೆಯದಿದ್ದಾಗ ಅಪ್ಪನ ತಲೆ ಕೆಟ್ಟಿತು. "ಗಂಡಸಾಗಿ ಹುಟ್ಟಿ ಏನೋ ಇದು ಬಣ್ಣ ಬಳ್ಕೊಳ್ಳೋದು? ನಾಳೆ ಜಡೆ ಹಾಕ್ಕೋತೀಯಾ?" ಎಂದು ಎಲ್ಲವನ್ನೂ ಬಾಚಿ ಕಸದ ಬುಟ್ಟಿಗೆ ಹಾಕಿದ್ದ. ಹೆಂಡತಿ ಬೇಡ ಬೇಡ ಅನ್ನುತ್ತಲೇ ಇದ್ದಳು. ಮಗ ಒದ್ದೆ ಮುಖದಲ್ಲೇ ನಿಂತು ನೋಡಿದ.

ಅದೇ ದಿನ ಆಫೀಸಿನಲ್ಲಿ ಹೊಸ ಗುರುತಿನ ಚೀಟಿಗೆ ಡ್ರೈವರನ ಫೋಟೋ ತೆಗೆದರು. ಫೋಟೋದವಳು ಚಿಕ್ಕ ವಯಸ್ಸಿನ ಹುಡುಗಿ. ಕ್ಯಾಮೆರಾದಿಂದ ಕಣ್ಣು ತೆಗೆದು ಮೆಲ್ಲಗೆ ಕೇಳಿದಳು, "ಅಂಕಲ್, ಆ ಕಡೆ ಕೆನ್ನೆಗೆ ಏನಾಗಿತ್ತು? ಬೆಂಕಿ ತಾಗಿತ್ತಾ?" ಏನೂ ಆಗಿರಲಿಲ್ಲ. ಇಪ್ಪತ್ತೆಂಟು ವರ್ಷ ಕಿಟಕಿಯ ಬಿಸಿಲು ಒಂದೇ ಕೆನ್ನೆಗೆ ಬಿದ್ದಿತ್ತು, ಅಷ್ಟೇ. ಫೋಟೋದಲ್ಲಿ ಅರ್ಧ ಮುಖ ಅವನದು, ಇನ್ನರ್ಧ ಅವನ ಮುದಿ ಅಪ್ಪನದು. ಅಂದು ಸಂಜೆ, ಹೆಂಡತಿ ಬುಟ್ಟಿ ಖಾಲಿ ಮಾಡುವ ಮೊದಲು, ತರಕಾರಿ ಸಿಪ್ಪೆಯ ನಡುವೆ ಕೈಯಾಡಿಸಿ ಟ್ಯೂಬನ್ನು ಹೆಕ್ಕಿಕೊಂಡಿದ್ದ. ದಿನಾ ಮೊದಲ ಟ್ರಿಪ್ಪಿಗೆ ಮುಂಚೆ ಸ್ಟೀರಿಂಗಿನ ಕೆಳಗೆ ತಲೆ ಬಗ್ಗಿಸಿ ಎರಡು ಬೊಟ್ಟು, ಕಿಟಕಿ ಕಡೆಯ ಕೆನ್ನೆಗೆ ಮಾತ್ರ. ಇನ್ನೊಂದು ಕಡೆಗೂ ಹಚ್ಚಿದರೆ ಅದು ಶೋಕಿಯಾಗುತ್ತದೆ, ಒಂದೇ ಕಡೆ ಹಚ್ಚಿದರೆ ರಿಪೇರಿ ಎಂಬುದು ಅವನ ಲೆಕ್ಕಾಚಾರ.

"ಯಾರದ್ರೀ ಇದು?" ಸಾಹೇಬರು ಮತ್ತೆ ಕೇಳಿದರು.

"ಗೊತ್ತಿಲ್ಲ ಸಾರ್. ಯಾರೋ ಪ್ಯಾಸೆಂಜರ್ ಬಿಟ್ಟು ಹೋಗಿರ್ಬೇಕು."

"ಬೀಗ ಹಾಕಿದ ಡಬ್ಬೀಲಿ?"

ಬಸ್ಸಿನ ಅಡಿಯಿಂದ ಮಗ ತೆವಳಿಕೊಂಡು ಹೊರಬಂದ. ಟ್ಯೂಬನ್ನು ನೋಡಿದ, ತಾನೇ ಸುತ್ತಿದ್ದ ಟೇಪನ್ನು ನೋಡಿದ, ಆಮೇಲೆ ಅಪ್ಪನ ಮುಖ ನೋಡಿದ.

"ನಂದು ಸಾರ್. ಮೊನ್ನೆ ಸೀಟು ರಿಪೇರಿ ಮಾಡುವಾಗ ಇಟ್ಟು ಮರ್ತೆ."

"ಓಹೋ, ಮದುಮಗ!" ಎಂದರು ಯಾರೋ. ಸಾಹೇಬರು ಟ್ಯೂಬನ್ನು ಮಗನ ಕೈಗೆ ಕೊಟ್ಟರು. ಮತ್ತೆ ನಗು. ಆ ನಗುವಿನಲ್ಲಿ ಡ್ರೈವರನೂ ನಕ್ಕ. ಎಲ್ಲರಿಗಿಂತ ಸ್ವಲ್ಪ ಜೋರಾಗಿಯೇ ನಕ್ಕ.

ಮಧ್ಯಾಹ್ನದ ಹೊತ್ತಿಗೆ ಮಗನಿಗೆ ಹಳೇ ಕಾಲದ ಮುಖದ ಕ್ರೀಮಿನ ಹೆಸರು ಬಿದ್ದಿತ್ತು, 'ಸ್ನೋ'. ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ಅಪ್ಪ ಎರಡು ಸಲ ಬಾಯಿ ತೆರೆದ. ಒಂದು ಸಲ ಉಪ್ಪು ಕೇಳಿದ, ಇನ್ನೊಂದು ಸಲ ನೀರು. ಮಗ ಎರಡನ್ನೂ ಅವನ ಹತ್ತಿರ ಸರಿಸಿದ. ತನ್ನ ಬಗ್ಗೆ ಇಷ್ಟು ನಾಚಿಕೆ ಡ್ರೈವರನಿಗೆ ಹಿಂದೆಂದೂ ಆಗಿರಲಿಲ್ಲ.

ಮರುದಿನ ಬೆಳಿಗ್ಗೆ ಡಬ್ಬಿಗೆ ಬೀಗವಿರಲಿಲ್ಲ, ಸಾಹೇಬರ ಅಪ್ಪಣೆ. ಡ್ರೈವರ್ ಸುಮ್ಮನೆ ತೆರೆದು ನೋಡಿದ. ಹೊಸ ಟಿಂಚರು, ಹೊಸ ಹತ್ತಿ. ಹತ್ತಿಯ ಹಿಂದೆ ಅದೇ ಟ್ಯೂಬು, ಬುಡದಿಂದ ನೀಟಾಗಿ ಮಡಚಿ, ಉಳಿದಿದ್ದ ಕ್ರೀಮನ್ನೆಲ್ಲ ಬಾಯಿಯ ಹತ್ತಿರ ತಂದು ಇಟ್ಟಿದ್ದು.

ಹೊರಗೆ ಹಳೇ ಟೈರುಗಳ ಮೇಲೆ ಕೂತು ಮೆಕ್ಯಾನಿಕ್‌ಗಳು ಟೀ ಕುಡಿಯುತ್ತಿದ್ದರು. "ಏ ಸ್ನೋ, ಸ್ಪ್ಯಾನರ್ ಕೊಡೋ. ಮುಖ ಜೋಪಾನ!"

ಡ್ರೈವರ್ ಟ್ಯೂಬು ಹಿಡಿದು ಕೆಳಗಿಳಿದು ಅವರ ಎದುರು ನಿಂತ. "ಅವನನ್ನ ಹಾಗೆ ಕರೀಬೇಡಿ. ಡಬ್ಬೀಲಿ ಇಟ್ಟಿದ್ದು ನಾನು. ಹಚ್ಕೊಳ್ಳೋದೂ ನಾನೇ."

"ಬಿಡಿ ಯಜಮಾನ್ರೇ," ಹೆಡ್ ಮೆಕ್ಯಾನಿಕ್ ನಕ್ಕ. "ಮಗನ್ನ ಕಾಪಾಡೋಕೆ ಈ ವಯಸ್ಸಲ್ಲಿ ಸುಳ್ಳು ಹೇಳ್ತೀರಾ? ಈ ಮುಖಕ್ಕೆ ಕ್ರೀಮಾ?"

ಯಾರೂ ನಂಬಲಿಲ್ಲ. ಅಲ್ಲಿಗೇ ಬಿಡಬಹುದಿತ್ತು, ಹೇಳಿದ ಹಾಗೂ ಆಗುತ್ತಿತ್ತು, ಮಾನವೂ ಉಳಿಯುತ್ತಿತ್ತು. ಡ್ರೈವರ್ ಟೇಪು ಸುತ್ತಿದ ಮುಚ್ಚಳ ತಿರುಗಿಸಿದ. ಎರಡು ಬೊಟ್ಟು ಬೆರಳಿಗೆ ಹಿಂಡಿಕೊಂಡು ಕಿಟಕಿ ಕಡೆಯ ಕೆನ್ನೆಗಿಟ್ಟು, ದಿನಾ ಮಾಡುವ ಹಾಗೆ, ಕೆಳಗಿನಿಂದ ಮೇಲಕ್ಕೆ ತಿಕ್ಕಿದ. ಈಗ ಯಾರೂ ನಗಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ಎಲ್ಲಿ ನೋಡಬೇಕೆಂದು ತಿಳಿಯದೆ ನೆಲದ ಎಣ್ಣೆ ಕಲೆಯನ್ನು ನೋಡುತ್ತ ತಿಕ್ಕುತ್ತಲೇ ಇದ್ದ.

"ಅಪ್ಪಾ," ಎಂದ ಮಗ. "ಕಿವಿ ಹತ್ರ ಸ್ವಲ್ಪ ಉಳಿದಿದೆ."

ಡ್ರೈವರ್ ಗಡಿಬಿಡಿಯಲ್ಲಿ ಇನ್ನೊಂದು ಕಿವಿಯ ಬಳಿ ಒರೆಸಿಕೊಂಡು ತಲೆ ಎತ್ತಿದ. ಮಗ ಅಲ್ಲ ಎಂಬಂತೆ ತಲೆಯಾಡಿಸಿ, ಗ್ರೀಸು ಮೆತ್ತಿದ ಬೆರಳನ್ನು ಮುಖಕ್ಕೆ ತಾಗದ ಹಾಗೆ ಹಿಡಿದು, ತನ್ನದೇ ಕೆನ್ನೆಯ ಮೇಲೆ ಜಾಗ ತೋರಿಸುತ್ತಿದ್ದ.